ಲೂಪ್ ಹಳಿ, ಗೋಲಿ, ತೆಂಗಿನೆಣ್ಣೆ: ಮೇಷ್ಟ್ರಿಗೆ ಕೇಳಿ

ವಿರಾಜಪೇಟೆ ಅಮ್ಮ: ಸರ್, ಮಗಳ ಸೈನ್ಸ್ ಮಾಡೆಲ್. ಪೈಪ್ ಉದ್ದಕ್ಕೆ ಸೀಳಿ ನೆಟ್ಟಗೆ ನಿಂತ ದುಂಡು ಲೂಪ್ ಮಾಡಿದ್ದೇವೆ, ತ್ರಿಜ್ಯ 20 ಸೆಂ.ಮೀ. ಪುಸ್ತಕದ ಪ್ರಕಾರ 50 ಸೆಂ.ಮೀ. ಎತ್ತರದಿಂದ ಬಿಟ್ಟರೆ ಸಾಕು. ನಮ್ಮ ಗೋಲಿ ಮೇಲೆ ಮುಟ್ಟುವ ಮೊದಲೇ ಬಿದ್ದು ಮಂಚದ ಕೆಳಗೆ ಓಡುತ್ತದೆ.

ಮೇಷ್ಟ್ರು (ಪಿಯು ಫಿಸಿಕ್ಸ್, ಮಡಿಕೇರಿ): ಪುಸ್ತಕದ ಎರಡೂವರೆ ತ್ರಿಜ್ಯ ಘರ್ಷಣೆಯೇ ಇಲ್ಲದ ಹಳಿಯಲ್ಲಿ ಜಾರುವ ವಸ್ತುವಿಗೆ. ನಿಮ್ಮ ಗೋಲಿ ಉರುಳುತ್ತದೆ ಅಲ್ವಾ? ಶಕ್ತಿಯಲ್ಲಿ ಒಂದು ಪಾಲು ತಿರುಗುವುದಕ್ಕೇ ಹೋಗುತ್ತದೆ. ಆಗ 2.7 ತ್ರಿಜ್ಯ, ಅಂದರೆ 54. ಪೈಪ್ ತಿನ್ನುವುದೂ ಇದೆ. 70ರಿಂದ ಬಿಟ್ಟು ನೋಡಿ.

ಕುಶಾಲನಗರದ ಅಣ್ಣ: ಒಂದು ಫಾರ್ವರ್ಡ್ ಬಂದಿದೆ ಸರ್. ಹಳಿಗೆ ತೆಂಗಿನೆಣ್ಣೆ ಸವರಿದರೆ ಲೂಪ್‌ನಷ್ಟೇ ಎತ್ತರ ಸಾಕಂತೆ, ಶಕ್ತಿ ಉಳಿಯುತ್ತದಂತೆ.

ಮೇಷ್ಟ್ರು: ಎಣ್ಣೆ ಅಡುಗೆಗೆ ಇಡಿ. ಘರ್ಷಣೆ ಪೂರಾ ಸೊನ್ನೆ ಇದ್ದರೂ ಆಗುವುದಿಲ್ಲ. ನೆತ್ತಿಯಲ್ಲಿ ವೇಗವೂ ಬೇಕು, ವೇಗದ ವರ್ಗ ಕನಿಷ್ಠ gR (g ಅಂದರೆ ಗುರುತ್ವದ ವೇಗೋತ್ಕರ್ಷ, R ಅಂದರೆ ತ್ರಿಜ್ಯ). ಅಷ್ಟೇ ಎತ್ತರದಿಂದ ಬಿಟ್ಟರೆ ನೆತ್ತಿ ಮುಟ್ಟುವುದೇ ಇಲ್ಲ, ನೆಲದಿಂದ 5/3 ತ್ರಿಜ್ಯದಲ್ಲೇ ಹಳಿ ಬಿಟ್ಟು ಹಾರುತ್ತದೆ.

ಗೋಣಿಕೊಪ್ಪ ಹುಡುಗ: ಭಾರದ ಗೋಲಿ ಹಾಕಿದರೆ?

ಮೇಷ್ಟ್ರು: ವ್ಯತ್ಯಾಸ ಇಲ್ಲ. ಲೆಕ್ಕದಲ್ಲಿ ರಾಶಿ, ಅಂದರೆ ಮಾಸ್, ಎರಡೂ ಕಡೆ ಹೊಡೆದುಹೋಗುತ್ತದೆ.

ಸೋಮವಾರಪೇಟೆ ಬೆಳೆಗಾರ: ನನ್ನ ಮಗ ಕಾಫಿ ಕಣದಲ್ಲಿ ತಗಡಿನ ಲೂಪ್ ಕಟ್ಟಿ ಸೈಕಲ್ ಸುತ್ತಿಸುತ್ತೇನೆ ಅಂತಾನೆ. ತ್ರಿಜ್ಯ 2 ಮೀಟರ್. ಗೇಟಿನಿಂದ ಕಣಕ್ಕೆ 5 ಮೀಟರ್ ಎತ್ತರದ ಇಳಿಜಾರಿದೆ. ಲೆಕ್ಕ ಸರಿ ಇದೆಯಾ?

ಮೇಷ್ಟ್ರು: ಲೆಕ್ಕ ಸರಿ, ಅದೇ ಭಯ. ದಯವಿಟ್ಟು ಇವತ್ತೇ ನಿಲ್ಲಿಸಿ. 5 ಮೀಟರ್ ಅಂದರೆ ಅಂಚು, ನೆತ್ತಿಯಲ್ಲಿ ಹಳಿ ಅವನನ್ನು ಒತ್ತುವುದೇ ಇಲ್ಲ. ಚೈನು, ಟೈರು, ಗಾಳಿ ಸ್ವಲ್ಪ ತಿಂದರೂ ತಲೆ ಕೆಳಗಾಗಿ ಬೀಳುತ್ತಾನೆ, ಅದೂ ಮೂರು ಮೀಟರ್ ಮೇಲಿನಿಂದ, ಸಿಮೆಂಟ್ ಕಣಕ್ಕೆ. ಎತ್ತರ ಜಾಸ್ತಿ ಮಾಡೋಣ ಅನ್ನಬೇಡಿ. ಕೆಳಗೆ ಲೂಪ್ ಶುರುವಾಗುವಲ್ಲಿ ವೇಗ ಗಂಟೆಗೆ 36 ಕಿ.ಮೀ. ಹತ್ತಿರ, ಅಲ್ಲಿ ಹಳಿ ಒತ್ತುವುದು ಅವನ ತೂಕದ ಆರು ಪಟ್ಟು. 50 ಕೆ.ಜಿ. ಹುಡುಗನಿಗೆ 300 ಕೆ.ಜಿ. ಕೂತ ಹಾಗೆ, ಅದೂ ಒಂದೇ ಸಲಕ್ಕೆ. ಎತ್ತರ ಏರಿಸಿದರೆ ಇದೂ ಏರುತ್ತದೆ. 1895ರಲ್ಲಿ ಅಮೆರಿಕದ ಕೋನಿ ಐಲ್ಯಾಂಡ್‌ನಲ್ಲಿ ಹೀಗೇ ದುಂಡು ಲೂಪ್ ಇಟ್ಟು ಜನರ ಕತ್ತು ನೋಯಿಸಿದರು. ಈಗಿನ ರೋಲರ್ ಕೋಸ್ಟರ್ ಲೂಪ್ ದುಂಡಗಿರುವುದಿಲ್ಲ, ಕೆಳಗೆ ಅಗಲ, ಮೇಲೆ ಬಿಗಿ. ಮಗನಿಗೆ ಫೋನ್ ಕೊಡಿ, ನಾನೇ ಮಾತಾಡುತ್ತೇನೆ.

ಕುಶಾಲನಗರದ ಅಣ್ಣ: ಜಾತ್ರೆಯಲ್ಲಿ ಬಾವಿಯೊಳಗೆ ಬೈಕ್ ಓಡಿಸುತ್ತಾರಲ್ಲ, ಅವರೇನು ಸತ್ತರಾ?

ಮೇಷ್ಟ್ರು: ಅಲ್ಲಿ ಇಂಜಿನ್ ಓಡುತ್ತಿರುತ್ತದೆ. ಗೋಡೆಗೆ ಹಿಡಿದಿಡುವುದೇ ಘರ್ಷಣೆ. ಹುಡುಗರ ತಲೆ ಕೆಡಿಸಬೇಡಿ.

ಗೋಣಿಕೊಪ್ಪ ಹುಡುಗ: ಆದರೂ ಭಾರದ್ದು ಜೋರಾಗಿ ಹೋಗುತ್ತದೆ ಅಲ್ವಾ ಸರ್?

ಮೇಷ್ಟ್ರು: ಮೇಲೆ ಓದು.

ಕುಶಾಲನಗರದ ಅಣ್ಣ: ಹುಡುಗ ಹೇಳಿದ್ದು ಸರಿ. ನಮ್ಮ ಲೋಡ್ ಜೀಪು ಇಳಿಜಾರಲ್ಲಿ ನಿಲ್ಲುವುದೇ ಇಲ್ಲ.

ವಿರಾಜಪೇಟೆ ಅಮ್ಮ: ಅದು ನಿಮ್ಮ ಬ್ರೇಕಿನ ಸಮಸ್ಯೆ ಅಣ್ಣ.

ಕುಶಾಲನಗರದ ಅಣ್ಣ: ಬ್ರೇಕ್ ಬಗ್ಗೆ ನಿಮಗೇನು ಗೊತ್ತು? ಗೋಲಿ ಆಡಿಸಿಕೊಂಡಿರಿ.

ಸೋಮವಾರಪೇಟೆ ಬೆಳೆಗಾರ: ಸುಮ್ನೆ ಇರಿ ಮಾರಾಯ್ರೇ. ಸರ್, ತಗಡು ಬಿಚ್ಚಿಸಿದೆ. ಮಗ ಊಟ ಬಿಟ್ಟು ಕೂತಿದ್ದಾನೆ. ರಾತ್ರಿ ಫೋನ್ ಮಾಡಿಸುತ್ತೇನೆ.

ಪೊನ್ನಂಪೇಟೆಯಿಂದ: ನಾಳೆ ಮಳೆ ರಜೆ ಇದೆಯಾ ಸರ್?

ವಿರಾಜಪೇಟೆ ಅಮ್ಮ: 72ರಿಂದ ಬಿಟ್ಟೆವು, ಸುತ್ತಿತು! ಅಷ್ಟರಲ್ಲಿ ಕರೆಂಟ್ ಹೋಯಿತು, ವಿಡಿಯೋ ಆಮೇಲೆ.

ಕುಶಾಲನಗರದ ಅಣ್ಣ: ಎಣ್ಣೆ ಬೇಡ, ಟಾಲ್ಕಂ ಪೌಡರ್ ಆದರೆ?