ಸೆಷನ್ ಅರ್ಧದಲ್ಲೇ ತಣ್ಣಗಾಯಿತು: ಕಾದಾಟ ಉದ್ದವಾಗಿದ್ದಕ್ಕಾ, ಬೇರೆ ಏನಾದರೂ ಕಾರಣವಾ?

ಪ್ರಶ್ನೆ (ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಆಡುವ ಕಥೆಯಾಟ; 2014ರ ಐದನೇ ಆವೃತ್ತಿಯ ನಿಯಮ. ನಾನೇ ಗೇಮ್ ಮಾಸ್ಟರ್, ಅಂದರೆ ಕಥೆ ನಡೆಸುವವನು. ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ ಗೆಳೆಯರಿಗೆ ಒಂದಷ್ಟು ಸೆಷನ್ ನಡೆಸಿದ್ದೆ. ಈಗ ಊರಿಗೆ ಬಂದಿದ್ದೇನೆ. ಮಳೆಗಾಲ, ತೋಟದ ಕೆಲಸ ಕಡಿಮೆ, ಹೊರಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ಮನೆಯವರನ್ನೇ ಕೂರಿಸಿಕೊಂಡೆ. ದೊಡ್ಡಪ್ಪನ ಮಗ ಅಣ್ಣ, ಅತ್ತಿಗೆ, ನನ್ನ ತಂಗಿ, ಪಕ್ಕದ ತೋಟದ ಇಬ್ಬರು ಹುಡುಗರು. ಐದು ಜನ, ಎಲ್ಲರ ಪಾತ್ರವೂ ಒಂದನೇ ಲೆವೆಲ್, ಅಂದರೆ ಶುರುವಿನ ಹಂತ. ತಂಗಿಯನ್ನು ಬಿಟ್ಟರೆ ಯಾರೂ ಮೊದಲು ಆಡಿದವರಲ್ಲ.

ಕಥೆ ಇಷ್ಟು. ಬೆಟ್ಟದ ಊರೊಂದರ ಕಣಜದಿಂದ ರಾತ್ರೋರಾತ್ರಿ ಭತ್ತ ಮಾಯವಾಗಿದೆ. ಬೀಗ ಒಡೆದಿಲ್ಲ. ಕಣಜದ ನೆಲದಲ್ಲಿ ಗುಟ್ಟಿನ ಬಾಗಿಲಿದೆ. ಅದರ ಕೆಳಗೆ ಸುರಂಗ, ಸುರಂಗದ ಆ ತುದಿಯಲ್ಲಿ ಕಾಡು, ಕಾಡಿನಲ್ಲಿ ಎಂಟು ಗಾಬ್ಲಿನ್‌ಗಳು (ಕುಳ್ಳ ರಾಕ್ಷಸರಂಥವು). ಆ ಕಾಡಿಗೆ ದೇವರಕಾಡು ಅಂತಲೇ ಹೆಸರಿಟ್ಟಿದ್ದೆ, ನಮ್ಮ ಕಡೆಯದ್ದು ಅನ್ನಿಸಲಿ ಅಂತ.

ಭಾನುವಾರ ಊಟ ಮುಗಿಸಿ ಎರಡು ಗಂಟೆಗೆ ಕೂತೆವು. ಮೊದಲ ಒಂದು ಗಂಟೆ ತುಂಬ ಚೆನ್ನಾಗಿತ್ತು. ಊರಿನವರನ್ನೆಲ್ಲ ಮಾತಾಡಿಸಿದರು. ಅಣ್ಣ ಆ ಊರಿನ ಪಟೇಲನ ಜೊತೆ ಜಗಳಕ್ಕೇ ನಿಂತ. ಆಮೇಲೆ ಕಣಜಕ್ಕೆ ಹೋದರು. ಬಾಗಿಲು ಸಿಗಲು ಸ್ವಲ್ಪ ಹೊತ್ತಾಯಿತು. ಆಮೇಲೆ ಕಾದಾಟ. ಅದು ಎರಡು ಗಂಟೆ ಹತ್ತಿರ ಎಳೆಯಿತು. ನಡುವೆ ಕರೆಂಟು ಹೋಯಿತು. ಕೂತಿದ್ದು ಮನೆ ಮುಂದಿನ ಶೀಟಿನ ಕೆಳಗೆ. ಮಳೆ ಸದ್ದಿಗೆ ನಾನು ಹೇಳಿದ್ದು ಆ ತುದಿಯವರಿಗೆ ಕೇಳುತ್ತಲೇ ಇರಲಿಲ್ಲ. ಕೊನೆಗೆ ಅತ್ತಿಗೆ 'ನನ್ನ ಸರದಿ ಬಂದ್ರೆ ಹೊಡೆದೆ ಅಂತ ನೀನೇ ಬರ್ಕೋ' ಎಂದು ಎದ್ದು ಒಳಗೆ ಹೋದರು. ಆರೂವರೆಗೆ ನಿಲ್ಲಿಸಿದೆವು. ಮುಂದಿನ ವಾರದ ಮಾತನ್ನು ಯಾರೂ ಎತ್ತಲಿಲ್ಲ.

ಹದಿನಾಲ್ಕು ಪುಟ ಬರೆದು ತಯಾರಿ ಮಾಡಿದ್ದೆ. ತುಂಬ ಬೇಸರವಾಗಿದೆ. ಕಾದಾಟ ಚಿಕ್ಕದು ಮಾಡುವುದು ಹೇಗೆ ಅಂತ ತಿಳಿದವರು ಹೇಳಿ.

ಉತ್ತರ (ಮೈಸೂರು)

ಎಂಟು ಗಾಬ್ಲಿನ್, ಐದು ಆಟಗಾರರು. ಒಂದು ಸುತ್ತಿಗೆ 13 ಸರದಿ. ಹೊಸಬರಿಗೆ ಒಂದು ಸರದಿಗೆ ಎರಡು ನಿಮಿಷ ಅಂತಿಟ್ಟುಕೊಳ್ಳಿ, ಸುತ್ತಿಗೆ 26 ನಿಮಿಷ. ನಾಲ್ಕು ಸುತ್ತಿಗೆ 104 ನಿಮಿಷ. ನಿಮ್ಮ ಎರಡು ಗಂಟೆ ಅಲ್ಲೇ ಇದೆ.

ಇನ್ನೊಂದು. 2014ರ ಲೆಕ್ಕದಲ್ಲಿ ಒಂದು ಗಾಬ್ಲಿನ್ 50 ಎಕ್ಸ್‌ಪಿ (ಶತ್ರುವಿನ ಬಲಕ್ಕೆ ತಕ್ಕ ಅನುಭವದ ಅಂಕ). ಎಂಟಕ್ಕೆ 400. ಶತ್ರುಗಳು ಏಳರಿಂದ ಹತ್ತು ಇದ್ದರೆ ಎರಡೂವರೆ ಪಟ್ಟು ಮಾಡಬೇಕು, ಅಂದರೆ 1000. ಒಂದನೇ ಲೆವೆಲ್‌ನ ಐದು ಜನಕ್ಕೆ 500 ದಾಟಿದರೇ ಪ್ರಾಣಾಪಾಯದ ಕಾದಾಟ. ನೀವು ಅದರ ಎರಡರಷ್ಟು ಕೊಟ್ಟಿದ್ದೀರಿ. ಯಾರೂ ಸಾಯದೆ ಇದ್ದದ್ದು ದಾಳದ ದಯೆ.

ನಾಲ್ಕೇ ಗಾಬ್ಲಿನ್ ಇಟ್ಟರೆ 200, ಎರಡು ಪಟ್ಟಿಗೆ 400. ಕಷ್ಟದ ಕಾದಾಟ, ಆದರೆ ಗೆಲ್ಲಬಹುದು. ಒಂದೇ ಜಾತಿಯ ಶತ್ರುಗಳಿಗೆ ಇನಿಷಿಯೇಟಿವ್ (ಯಾರ ಸರದಿ ಮೊದಲು ಅನ್ನುವ ದಾಳ) ಒಂದೇ ಸಲ ಉರುಳಿಸಿ, ನಿಯಮವೇ ಹಾಗಿದೆ. ಏಟಿನ ಪ್ರಮಾಣಕ್ಕೆ ಪ್ರತಿ ಸಲ ದಾಳ ಬೇಡ, ಗಾಬ್ಲಿನ್ ಕತ್ತಿ ತಾಗಿದರೆ ಸರಾಸರಿ 5 ಅಂತ ಕಳೆಯಿರಿ. ಇಬ್ಬರು ಬಿದ್ದ ಮೇಲೆ ಉಳಿದವರು ಓಡಿಹೋಗಲಿ. ಗಾಬ್ಲಿನ್‌ಗಳಿಗೂ ಜೀವದ ಆಸೆ ಇರುತ್ತದೆ.

ಉತ್ತರ (ಸೋಮವಾರಪೇಟೆ)

ಶೀಟಿನ ಕೆಳಗೆ ಮಾತ್ರ ಮತ್ತೆ ಕೂರಬೇಡಿ. ಜುಲೈ ತಿಂಗಳಲ್ಲಿ ನಾವೂ ಅದನ್ನು ಮಾಡಿ ಗಂಟಲು ಕಟ್ಟಿಕೊಂಡಿದ್ದೇವೆ. ಹೆಂಚಿನ ಮಾಡಿನ ಒಳಕೋಣೆಗೆ ಹೋಗಿ, ಅಲ್ಲಿ ಅರ್ಧ ಸದ್ದು ಕಡಿಮೆ. ವರ್ಣನೆ ಎರಡು ವಾಕ್ಯ ಸಾಕು. ಮುಖ್ಯವಾದದ್ದನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಕರೆಂಟು ಹೋದರೆ ಎಮರ್ಜೆನ್ಸಿ ಲೈಟನ್ನು ಮೇಜಿನ ಮೇಲಿಡಬೇಡಿ, ಎಲ್ಲರ ಕಣ್ಣಿಗೆ ಹೊಡೆಯುತ್ತದೆ. ಮೇಲೆ ತೂಗುಹಾಕಿ. ಮ್ಯಾಪಿಗೆ ನಾವು ಬಳಸುವುದು ಹಳೇ ಕ್ಯಾಲೆಂಡರ್ ಹಿಂಬದಿ. ಗಾಬ್ಲಿನ್‌ಗೆ ಕಾಫಿ ಬೀಜ, ಆಟಗಾರರಿಗೆ ಹುಣಸೆ ಬೀಜ. ಮಂದ ಬೆಳಕಲ್ಲೂ ಕೈಗೆ ಗುರುತು ಸಿಗುತ್ತದೆ.

ಉತ್ತರ (ಶಿವಮೊಗ್ಗ)

ಮೇಲಿನ ಎರಡೂ ಸರಿ. ಆದರೆ ನನಗೆ ಬೇರೆ ಕಡೆ ಅನುಮಾನ. ಕಾದಾಟ ಉದ್ದವಾದರೆ ಜನ ಆಕಳಿಸುತ್ತಾರೆ, ಫೋನು ನೋಡುತ್ತಾರೆ. 'ನೀನೇ ಬರ್ಕೋ' ಅನ್ನುವುದು ಆಕಳಿಕೆ ಅಲ್ಲ. ತಾನು ಏನು ಮಾಡಿದರೂ ಅಷ್ಟೇ ಅಂತ ಅನ್ನಿಸಿದವರ ಮಾತು ಅದು.

'ಬಾಗಿಲು ಸಿಗಲು ಸ್ವಲ್ಪ ಹೊತ್ತಾಯಿತು' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಎಷ್ಟು ಹೊತ್ತು? ಯಾರು ಏನು ಹೇಳಿದರು, ನೀವು ಏನು ಅಂದಿರಿ? ನೆನಪಿದ್ದಷ್ಟು ಹಾಗೆಯೇ ಬರೆಯಿರಿ.

ಪ್ರಶ್ನೆ ಕೇಳಿದವರು (ವಿರಾಜಪೇಟೆ)

ಅಣ್ಣಾ, ಸರಿಯಾಗಿ ನೆನಪು ಮಾಡಿಕೊಂಡೆ. ಸ್ವಲ್ಪ ಹೊತ್ತಲ್ಲ, ಮುಕ್ಕಾಲು ಗಂಟೆ.

ಕಣಜ ಹೇಗಿದೆ ಅಂತ ಹೇಳಿದೆ. ಖಾಲಿ, ಕಲ್ಲು ಹಾಸಿದ ನೆಲ, ಮಾಡು ಸೋರುತ್ತಿದೆ. ಬಾಗಿಲು ಹುಡುಕಲು ಡಿಸಿ 15 ಇಟ್ಟಿದ್ದೆ, ಅಂದರೆ ದಾಳಕ್ಕೆ ಪಾತ್ರದ ಬೋನಸ್ ಸೇರಿಸಿ 15 ಆದರೂ ಬರಬೇಕು. ಐದೂ ಜನ ಪರ್ಸೆಪ್ಶನ್‌ಗೆ, ಅಂದರೆ ಸುತ್ತ ಏನಾದರೂ ಗಮನಕ್ಕೆ ಬರುತ್ತದಾ ಅಂತ, ಇಪ್ಪತ್ತು ಮುಖದ ದಾಳ ಉರುಳಿಸಿದರು. ಯಾರಿಗೂ ಬೀಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು 'ಏನೂ ಕಾಣಿಸ್ತಿಲ್ಲ' ಅಂದೆ. ಹುಡುಗರು ವಾಪಸ್ ಊರಿಗೆ ಹೋಗೋಣ ಅಂದರು. ಊರಲ್ಲಿ ಹೊಸದೇನೂ ಇಟ್ಟಿರಲಿಲ್ಲ, ಮತ್ತೆ ಕಣಜಕ್ಕೇ ಬಂದರು.

ಆಗ ಅತ್ತಿಗೆ ಕೇಳಿದರು: 'ಮಾಡು ಸೋರ್ತಿದೆ ಅಂದೆ ಅಲ್ವಾ? ಇಷ್ಟು ಮಳೆ ಬಂದ್ರೆ ಒಳಗೆ ನೀರು ನಿಲ್ಬೇಕು. ನಿಂತಿಲ್ಲ ಅಂದ್ರೆ ಆ ನೀರು ಎಲ್ಲಿಗೆ ಹೋಗ್ತಿದೆ?'

ನಾನು 'ಇನ್ವೆಸ್ಟಿಗೇಶನ್ ಉರುಳಿಸಿ' ಅಂದೆ, ಅಂದರೆ ಸುಳಿವಿನಿಂದ ಊಹಿಸುವುದಕ್ಕೂ ದಾಳ. 4 ಬಿತ್ತು. 'ಗೊತ್ತಾಗಲಿಲ್ಲ' ಅಂದೆ. ಅವರು ದಾಳ ಮೇಜಿನ ಮೇಲಿಟ್ಟರು. ಆಮೇಲೆ ಅವರು ಹೆಚ್ಚು ಮಾತಾಡಲಿಲ್ಲ. ಸ್ವಲ್ಪ ಹೊತ್ತು ನೋಡಿ, ಬೇರೆ ದಾರಿ ಕಾಣದೆ 'ಇನ್ನೊಂದು ಸಲ ಎಲ್ಲರೂ ಉರುಳಿಸಿ' ಅಂದೆ. ತಂಗಿಗೆ 17 ಬಿತ್ತು, ಬಾಗಿಲು ಸಿಕ್ಕಿತು.

ಬರೆಯುತ್ತಾ ಬರೆಯುತ್ತಾ ನನಗೇ ಗೊತ್ತಾಗುತ್ತಿದೆ.

ಉತ್ತರ (ಶಿವಮೊಗ್ಗ)

ಹೌದು, ಇದೇ ಜಾಗ.

ಅತ್ತಿಗೆಯವರು ಹೇಳಿದ್ದೇ ಉತ್ತರ. ನೆಲದಲ್ಲಿ ಸಂದು ಇದೆ, ನೀರು ಅಲ್ಲಿ ಇಳಿಯುತ್ತಿದೆ. ನೀವು ಹೇಳಿದ ಒಂದು ಸಣ್ಣ ವಿವರವನ್ನು ಹಿಡಿದು, ತೋಟದ ಮನೆಯಲ್ಲಿ ಮಳೆಗಾಲ ಕಳೆದ ಅನುಭವದಿಂದ ಯೋಚಿಸಿ ಹೇಳಿದ್ದಾರೆ. ಹದಿನಾಲ್ಕು ಪುಟ ಬರೆದ ನಿಮಗೂ ಅದು ಹೊಳೆದಿರಲಿಲ್ಲ. ಆಟ ಅಂದರೆ ಅದೇ ಅಲ್ವಾ? ಅದಕ್ಕೆ ದಾಳ ಯಾಕೆ ಬೇಕಿತ್ತು?

ನಿಯಮದಲ್ಲೇ ಇದೆ: ಏನಾಗುತ್ತದೆ ಅಂತ ಖಚಿತವಿಲ್ಲದಾಗ ಮಾತ್ರ ದಾಳ. ಬಾಗಿಲು ಇದೆ ಅಂತ ನಿಮಗೆ ಗೊತ್ತು. ನೀರು ಅದರೊಳಗೆ ಇಳಿಯಲೇಬೇಕು. ಅವರು ನೋಡಬೇಕಾದ ಜಾಗವನ್ನೇ ನೋಡಿದ್ದಾರೆ. ಇಲ್ಲಿ ಖಚಿತವಿಲ್ಲದ್ದು ಏನೂ ಇಲ್ಲ. 'ಹೌದು, ಮೂಲೆಯ ಕಲ್ಲಿನ ಸುತ್ತ ನೀರು ಸುಳಿ ಸುತ್ತಿ ಇಳಿಯುತ್ತಿದೆ' ಅಂದಿದ್ದರೆ ಸಾಕಿತ್ತು. ಅಲ್ಲಿಂದ ಮುಂದೆ ಅತ್ತಿಗೆಯವರನ್ನು ಯಾರೂ ಹಿಡಿಯಲು ಆಗುತ್ತಿರಲಿಲ್ಲ.

ಇನ್ನು ಡಿಸಿ 15ರ ಲೆಕ್ಕ ನೋಡಿ. ಬೋನಸ್ ಇಲ್ಲದವರಿಗೆ 15ರಿಂದ 20ರವರೆಗೆ ಬೀಳಬೇಕು. ಇಪ್ಪತ್ತರಲ್ಲಿ ಆರು ಮುಖ, 30%. ಐದು ಜನರೂ ಹಾಗೇ ಇದ್ದರೆ ಎಲ್ಲರೂ ಸೋಲುವ ಸಾಧ್ಯತೆ ಸುಮಾರು 17%. ಅಂದರೆ ಸರಾಸರಿ ಆರು ಸಲಕ್ಕೆ ಒಂದು ಸಲ ಇದು ಆಗುತ್ತದೆ. ಸೋತರೆ ಮುಂದೇನು ಅಂತ ನಿಮ್ಮ ಪುಟಗಳಲ್ಲಿ ಇರಲಿಲ್ಲ. ಕಥೆ ಪೂರ್ತಿ ಆ ಬಾಗಿಲಿನ ಆಚೆ ಇತ್ತು. ಈಚೆ ಇದ್ದ ಐದು ಜನಕ್ಕೆ ಮಾಡಲು ಏನೂ ಉಳಿಯಲಿಲ್ಲ. ಕಾದಾಟಕ್ಕೆ ಬರುವ ಹೊತ್ತಿಗೆ ಅವರು ಆಗಲೇ ಸೋತಿದ್ದರು. ಅದಕ್ಕೇ ಅದು ಅಷ್ಟು ಉದ್ದ ಅನ್ನಿಸಿತು.

ಕಥೆ ಮುಂದೆ ಹೋಗಲು ಬೇಕೇಬೇಕಾದ ಬಾಗಿಲನ್ನು ದಾಳದ ಹಿಂದೆ ಬಚ್ಚಿಡಬೇಡಿ. ದಾಳ ಉರುಳಿಸಲೇಬೇಕು ಅನ್ನಿಸಿದರೆ, ಸೋತಾಗಲೂ ಬಾಗಿಲು ಸಿಗಲಿ. ಆದರೆ ಕಲ್ಲು ಎತ್ತುವಾಗ ಸದ್ದಾಗಲಿ, ಕೆಳಗಿನವರು ಎಚ್ಚರಗೊಳ್ಳಲಿ. ಸುಳಿವು ಒಂದೇ ಇಡಬೇಡಿ, ಕಡಿಮೆ ಅಂದರೆ ಮೂರು ಇಡಿ. ಇಳಿಯುವ ನೀರು, ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡ ಭತ್ತದ ಕಾಳು, ರಾತ್ರಿ ನೆಲದಡಿ ಸದ್ದು ಕೇಳಿದ ಊರಿನ ಅಜ್ಜಿ. ಯಾವುದೋ ಒಂದು ಕೈಗೆ ಸಿಗುತ್ತದೆ.

ಮುಂದಿನ ಸಲ ಕೂರುವ ಮೊದಲು ಅತ್ತಿಗೆಯವರಿಗೆ, ಅವರು ಹೇಳಿದ್ದು ಸರಿ ಇತ್ತು ಅಂತ ಹೇಳಿ. ಇದನ್ನು ಬಿಡಬೇಡಿ.

ಉತ್ತರ (ಪೊನ್ನಂಪೇಟೆ)

ನಾನು ಇನ್ನೊಂದು ವಿಷಯ ಹೇಳಬೇಕು ತಮ್ಮಾ. ಗಾಬ್ಲಿನ್ ಇರುವ ಕಾಡಿಗೆ ದೇವರಕಾಡು ಅಂತ ಹೆಸರಿಟ್ಟೆ ಅಂದೆಯಲ್ಲ, ಅಣ್ಣ ಏನೂ ಅನ್ನಲಿಲ್ಲವಾ?

ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ನಮಗೆ ಅದು ಕಥೆಗೆ ಬಣ್ಣ ಕೊಡುವ ಹೆಸರಲ್ಲ. ಮರಕ್ಕೆ ಕೊಡಲಿ ಹಾಕಬಾರದು ಅಂತ ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಜಾಗ. ಅಲ್ಲಿ ಕತ್ತಿ ಹಿಡಿದು ರಕ್ತ ಹರಿಸುವುದು, ಆಟ ಅಂತ ಗೊತ್ತಿದ್ದರೂ, ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ನಮ್ಮ ಊರಿನದ್ದು ಬರಬಾರದು ಅಂತಲ್ಲ. ಬರಲಿ, ನನಗೂ ಇಷ್ಟ. ಆದರೆ ಆಡುವ ಮೊದಲು ಎಲ್ಲರನ್ನೂ ಕೂರಿಸಿ ಕೇಳಬೇಕು, ಯಾವುದು ಬೇಡ, ಯಾವುದು ಆಗಬಹುದು ಅಂತ. ಸೆಷನ್ ಝೀರೋ ಅನ್ನುತ್ತಾರಲ್ಲ, ಅದು. ಮನೆಯವರೇ ಅಲ್ವಾ ಅಂತ ಬಿಟ್ಟುಬಿಡುತ್ತೇವೆ. ಮನೆಯವರು ಬೇಜಾರನ್ನು ಬಾಯಿಬಿಟ್ಟು ಹೇಳುವುದು ಇನ್ನೂ ಕಡಿಮೆ.

ನಾನಾಗಿದ್ದರೆ ಹೆಸರು ಬದಲಿಸಿ, ಆ ಕಾಡಿನ ಗೌರವವನ್ನು ಉಳಿಸಿಕೊಳ್ಳುತ್ತಿದ್ದೆ.

ಪ್ರಶ್ನೆ ಕೇಳಿದವರು (ವಿರಾಜಪೇಟೆ)

ಎರಡು ವಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಅಕ್ಕ, ನೀವು ಕೇಳಿದ್ದು ಸರಿ. ಅಣ್ಣನನ್ನು ಕೇಳಿದೆ. 'ಆಟ ಅಲ್ವಾ ಅಂತ ಸುಮ್ನೆ ಇದ್ದೆ, ಆದ್ರೆ ಅಲ್ಲಿ ಬಾಣ ಬಿಡೋಕೆ ಕೈ ಬರ್ಲಿಲ್ಲ' ಅಂದ. ಆ ಹೊತ್ತು ಅವನು ಎರಡು ಸುತ್ತು ಏನೂ ಮಾಡದೆ ಕೂತಿದ್ದ. ನಾನು ನಿಯಮ ಅರ್ಥವಾಗಿಲ್ಲ ಅಂದುಕೊಂಡಿದ್ದೆ.

ಈ ಸಲ ಒಳಕೋಣೆಯಲ್ಲಿ ಕೂತೆವು. ಶುರುವಿನಲ್ಲೇ ಅತ್ತಿಗೆಗೆ ಹೇಳಿದೆ: 'ಅತ್ತಿಗೆ, ಅವತ್ತು ನೀವು ನೀರಿನ ಬಗ್ಗೆ ಕೇಳಿದ್ದು ಸರಿ ಇತ್ತು. ನಾನು ದಾಳ ಉರುಳಿಸೋಕೆ ಹೇಳ್ಬಾರ್ದಿತ್ತು. ಕಣಜದಿಂದ ಮತ್ತೆ ಶುರು ಮಾಡೋಣ್ವಾ?' ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ 'ನನ್ನ ದಾಳ ಎಲ್ಲಿ?' ಅಂದರು.

ಕಲ್ಲು ಎತ್ತಿದರು, ಸುರಂಗಕ್ಕೆ ಇಳಿದರು. ಗಾಬ್ಲಿನ್ ನಾಲ್ಕೇ ಇಟ್ಟಿದ್ದೆ. ಸುರಂಗದ ಬಾಯಲ್ಲೇ ಕಾದಾಟ. ಎರಡು ಬಿದ್ದವು, ಎರಡು ಓಡಿದವು. ಪೂರ್ತಿ 35 ನಿಮಿಷ. ಓಡಿದವು ಹೋಗಿದ್ದು ಆ ಕಾಡಿಗೆ. ಅದಕ್ಕೆ ಈಗ ಬೇರೆ ಹೆಸರು. ಗಡಿಯಲ್ಲಿ ಒಂದು ಕಲ್ಲು ನೆಟ್ಟಿದೆ, ಅದರಿಂದಾಚೆ ಯಾರೂ ಆಯುಧ ತೆಗೆದುಕೊಂಡು ಹೋಗುವುದಿಲ್ಲ. ಗಾಬ್ಲಿನ್‌ಗಳಿಗೂ ಅದು ಗೊತ್ತು, ಅದಕ್ಕೇ ಅಲ್ಲಿಗೆ ಓಡಿದ್ದು. ಹುಡುಗರು ಬಾಣ ಹೂಡಿದರು. ಅಣ್ಣ ಅವರನ್ನು ತಡೆದು, ತನ್ನ ಕತ್ತಿ ಕಲ್ಲಿನ ಹತ್ತಿರ ಇಟ್ಟು, ಬರಿಗೈಯಲ್ಲಿ ಒಳಗೆ ಹೋದ. ನಾನು ಇದನ್ನು ಬರೆದುಕೊಂಡಿರಲಿಲ್ಲ. ಗಾಬ್ಲಿನ್‌ಗಳ ಬಿಲಕ್ಕೆ ನೀರು ನುಗ್ಗಿ ಅವುಗಳ ದವಸ ಹಾಳಾಗಿದೆ, ಅದಕ್ಕೆ ಕದ್ದವು ಅಂತ ಅಲ್ಲೇ ಕೂತಲ್ಲೇ ಹೊಳೆಯಿತು. ಮುಕ್ಕಾಲು ಗಂಟೆ ಮಾತುಕತೆ ನಡೆಯಿತು. ಈ ಮುಕ್ಕಾಲು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಅರ್ಧ ಭತ್ತ ವಾಪಸ್, ಅರ್ಧ ಅವುಗಳಿಗೆ.

ಈ ಸಲ ತಯಾರಿ ಎರಡೇ ಪುಟ. ಪರ್ಸೆಪ್ಶನ್ ಅನ್ನುವ ಕಡೆ 'ಕಣ್ಣು-ಕಿವಿ' ಅಂತ ಬರೆದು ಎಲ್ಲರ ಪಾತ್ರದ ವಿವರ ಇರುವ ಶೀಟಿಗೂ ಅಂಟಿಸಿದ್ದೇನೆ, ಅದೂ ಕೆಲಸಕ್ಕೆ ಬಂತು.

ಈಗ ಹೊಸ ಪ್ರಶ್ನೆ. ಭತ್ತ ಹೊತ್ತು ವಾಪಸ್ ಬರುವಾಗ ಹೊಳೆ ತುಂಬಿದೆ. ಅತ್ತಿಗೆ ತಮ್ಮ ಶೀಟಿನಲ್ಲಿ ಜಿಗಣೆಗೆ ಅಂತ ಉಪ್ಪಿನ ಗಂಟು, ಒಂದು ಬಿದಿರು ಕೋಲು, ಹಗ್ಗ ಬರೆದುಕೊಂಡಿದ್ದಾರೆ. ಮರಕ್ಕೆ ಹಗ್ಗ ಕಟ್ಟಿ, ಕೋಲು ಊರಿಕೊಂಡು ದಾಟುತ್ತೇವೆ ಅಂದರು. ಅಲ್ಲಿಗೆ ನಿಲ್ಲಿಸಿದೆವು. ಇಲ್ಲಿ ದಾಳ ಬೇಕಾ, ಬೇಡವಾ?

ಉತ್ತರ (ಶಿವಮೊಗ್ಗ)

ಓದಿ ತುಂಬ ಖುಷಿಯಾಯಿತು.

ಇಲ್ಲಿ ದಾಳ ಬೇಕು. ತುಂಬಿದ ಹೊಳೆ, ಹೆಗಲ ಮೇಲೆ ಭಾರ, ಏನು ಬೇಕಾದರೂ ಆಗಬಹುದು. ಆದರೆ ಹಗ್ಗ, ಕೋಲಿನ ಯೋಚನೆಗೆ ಬೆಲೆ ಸಿಗಬೇಕು. ಅಡ್ವಾಂಟೇಜ್ ಕೊಡಿ, ಇಪ್ಪತ್ತರ ದಾಳ ಎರಡು ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಲಿ. ಡಿಸಿ 15, ಬೋನಸ್ 2 ಇದ್ದರೆ ಒಂದು ದಾಳದಲ್ಲಿ 40%, ಎರಡರಲ್ಲಿ 64%. ಸೋತರೆ ಏನಾಗುತ್ತದೆ ಅಂತ ಉರುಳಿಸುವ ಮೊದಲೇ ಹೇಳಿಬಿಡಿ. ಮನುಷ್ಯರು ದಾಟಲಿ. ಹೊಳೆಗೆ ಹೋಗುವುದು ಬೇರೆ ಏನಾದರೂ ಇರಲಿ.

ಪ್ರಶ್ನೆ ಕೇಳಿದವರು (ವಿರಾಜಪೇಟೆ)

ಒಂದು ಮೂಟೆ ಭತ್ತ. ಅದನ್ನೇ ಇಡುತ್ತೇನೆ. ಥ್ಯಾಂಕ್ಸ್ ಅಣ್ಣಾ, ಥ್ಯಾಂಕ್ಸ್ ಅಕ್ಕ. ಈ ಭಾನುವಾರ ಎರಡು ಗಂಟೆಗೆ ಕೂರುತ್ತೇವೆ. ಅತ್ತಿಗೆ ಬೆಳಿಗ್ಗೆಯೇ ಅಡುಗೆ ಮುಗಿಸುತ್ತೇನೆ ಅಂದಿದ್ದಾರೆ.