ಅಪ್‌ಡೇಟ್: ಮಿನಿ ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು, ತೊಂದರೆ ಇದ್ದದ್ದು ಅರ್ತ್ ವೈರಿನಲ್ಲಿ

ಹೆಸರಘಟ್ಟದ ನಮ್ಮ ತೋಟದ ಮಿನಿ ಟ್ರ್ಯಾಕ್ಟರ್ ಕೀ ತಿರುಗಿಸಿದರೆ ಬರೀ ‘ಟಕ್’ ಅನ್ನುತ್ತದೆ, ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೊಡೆಯುವುದಿಲ್ಲ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಹಲವರು ಬ್ಯಾಟರಿ ಬದಲಿಸಿ ಅಂದಿದ್ದರು. ಮೀಟರ್ ಹಿಡಿದು ನೋಡಿದೆ, 12.6 ವೋಲ್ಟ್ ಇತ್ತು. ಕೀ ತಿರುಗಿಸಿದಾಗಲೂ ಜಾಸ್ತಿ ಇಳಿಯಲಿಲ್ಲ. ‘ಟಕ್’ ಅಂತ ಶಬ್ದ ಬರುತ್ತಿದೆ ಅಂದರೆ ಸೊಲೆನಾಯ್ಡ್‌ಗೆ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್) ಕರೆಂಟ್ ಹೋಗುತ್ತಿದೆ, ಹಾಗಾಗಿ ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗಲು ಬಿಡುವ ಕ್ಲಚ್ ಸ್ವಿಚ್ ಮೇಲೂ ಅನುಮಾನ ಉಳಿಯಲಿಲ್ಲ.

ನಿಮ್ಮಲ್ಲೊಬ್ಬರು ಹೇಳಿದ ಪರೀಕ್ಷೆಯೇ ಕೈಹಿಡಿದದ್ದು. ಗೇರ್ ನ್ಯೂಟ್ರಲ್‌ಗೆ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಒತ್ತಿ ಹಿಡಿದೆ. ತಮ್ಮ ಕೀ ತಿರುಗಿಸಿದ. ಅರ್ಧ ವೋಲ್ಟ್ ಒಳಗಿರಬೇಕಾದದ್ದು 8 ತೋರಿಸಿತು! ಅಂದರೆ ಇಂಜಿನ್‌ನಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಬರುವ ದಾರಿಯಲ್ಲೇ ತಡೆ. ಬ್ಯಾಟರಿಯ ಮೈನಸ್‌ನಿಂದ ಬಂದು ಚಾಸಿಸ್‌ಗೆ (ಗಾಡಿಯ ಚೌಕಟ್ಟು) ಬಿಗಿದಿದ್ದ ಅರ್ತ್ ವೈರಿನ ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆ ಪೂರ್ತಿ ತುಕ್ಕು. ತಾಮ್ರದ ಎಳೆಗಳು ಹಸಿರುಗಟ್ಟಿ, ಮುಟ್ಟಿದರೆ ಉದುರುತ್ತಿದ್ದವು. ಮಳೆಗಾಲ ಪೂರ್ತಿ ಗಾಡಿ ಹೊರಗೇ ನಿಂತಿತ್ತು ಅಲ್ವಾ. ಸುಮ್ನೆ ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮುಂಚೆ ದಯವಿಟ್ಟು ಈ ಅರ್ತ್ ವೈರನ್ನು ನೋಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ದಪ್ಪ ಕೇಬಲ್ ತಂದೆ. ಬೋಲ್ಟ್ ಜಾಗವನ್ನು ಲೋಹ ಹೊಳೆಯುವ ತನಕ ತಿಕ್ಕಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಈಗ ಒಂದೇ ಕೀಗೆ ಸ್ಟಾರ್ಟ್ ಆಗುತ್ತಿದೆ.