ಜಮೈಕಾ ಮೂಲದ ಮಕ್ಕಳ ಫುಟ್‌ಬಾಲ್ ಟ್ರಯಲ್ಸ್: ಮಗನ ಹೆಸರು ಕೊಡುವ ಮೊದಲು ಏನೇನು ತಿಳಿದಿರಬೇಕು?

ದಕ್ಷಿಣ ಲಂಡನ್ನಿನಿಂದ ಒಬ್ಬ ತಾಯಿಯ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಇಪ್ಪತ್ತು ವರ್ಷಗಳಿಂದ ಲಂಡನ್ನಿನಲ್ಲಿದ್ದೇನೆ. ನನ್ನ ಪತಿ ಇಲ್ಲಿಯೇ ಹುಟ್ಟಿದವರು. ನನ್ನ ಅತ್ತೆಯವರು ಜಮೈಕಾದ ಕ್ಲಾರೆಂಡನ್ ಪ್ರಾಂತ್ಯದಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ, ಅಂದರೆ 1961ರಲ್ಲಿ, ಇಂಗ್ಲೆಂಡಿಗೆ ಬಂದವರು. 2010ರ ನವೆಂಬರ್‌ನಲ್ಲಿ ಹುಟ್ಟಿದ ನಮ್ಮ ಮಗ ಸ್ಥಳೀಯ ಕ್ಲಬ್ಬಿನಲ್ಲಿ ಲೆಫ್ಟ್ ಬ್ಯಾಕ್ (ಎಡಬದಿಯ ರಕ್ಷಣಾ ಆಟಗಾರ) ಆಗಿ ಆಡುತ್ತಾನೆ. ಹೊರದೇಶಗಳಲ್ಲಿ ಬೆಳೆಯುತ್ತಿರುವ ಜಮೈಕಾ ಮೂಲದ ಹುಡುಗರಿಗಾಗಿ ನಡೆಯುವ ಟ್ರಯಲ್ಸ್‌ಗೆ ಅವನ ಹೆಸರು ಕೊಡಿ ಎಂದು ಅವನ ಕೋಚ್ ಹೇಳಿದ್ದಾರೆ. ಯಾವ ದಾಖಲೆಗಳು ಬೇಕು, ಒಮ್ಮೆ ಜಮೈಕಾದ ಪರ ಆಡಿದರೆ ಇಂಗ್ಲೆಂಡ್ ತಂಡದ ಬಾಗಿಲು ಮುಚ್ಚಿಹೋಗುತ್ತದೆಯೇ, ಆಯೋಜಕರನ್ನು ನಂಬುವುದು ಹೇಗೆ ಎಂಬುದು ನಮಗೆ ತಿಳಿಯುತ್ತಿಲ್ಲ. "ಅಮ್ಮಾ, ನಾನು ಭಾರತಕ್ಕೂ ಆಡಬಹುದೇ?" ಎಂದು ಮಗ ಕೇಳುತ್ತಿದ್ದಾನೆ. ಇಂಥ ಟ್ರಯಲ್ಸ್‌ಗೆ ಮಕ್ಕಳನ್ನು ಕರೆದೊಯ್ದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಿ.

ಬರ್ಮಿಂಗ್‌ಹ್ಯಾಮ್‌ನಿಂದ

ಅಕ್ಕಾ, ನನ್ನ ಪತಿಯ ಮನೆಯವರೂ ಜಮೈಕಾದವರೇ. ಕೆಲವು ವರ್ಷಗಳ ಹಿಂದೆ ದೊಡ್ಡ ಮಗನನ್ನು ಇಂಥದೇ ಟ್ರಯಲ್ಸ್‌ಗೆ ಕರೆದೊಯ್ದಾಗ ಬೂಟು, ಬಟ್ಟೆ, ಬುತ್ತಿ ಎಲ್ಲವನ್ನೂ ಹೊಂದಿಸಿಕೊಂಡಿದ್ದ ನಾವು ಕಾಗದಪತ್ರಗಳ ಬಗ್ಗೆ ಮಾತ್ರ ಯೋಚಿಸಿರಲಿಲ್ಲ. ಅವನ ಆಟವನ್ನು ಮೆಚ್ಚಿಕೊಂಡವರು ಮೊದಲು ಕೇಳಿದ್ದು, ಮನೆಯಲ್ಲಿ ಜಮೈಕಾದಲ್ಲಿ ಹುಟ್ಟಿದವರು ಯಾರು, ಅದಕ್ಕೆ ಪುರಾವೆ ಏನಿದೆ ಎಂಬುದನ್ನೇ. ಮಾವನವರ ಜನನ ಪ್ರಮಾಣಪತ್ರವನ್ನು ಹುಡುಕಿ ತೆಗೆದರೆ, ಅದರಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿಯಾಗಿತ್ತು. ಅಲ್ಲಿನ ಹಳೆಯ ನೋಂದಣಿಗಳಲ್ಲಿ ಮಗುವಿನ ಹೆಸರಾಗಲಿ ತಂದೆಯ ಹೆಸರಾಗಲಿ ದಾಖಲಾಗದೆ ಉಳಿದಿರುವುದು ಅಪರೂಪವೇನಲ್ಲ. ಅದನ್ನು ಸೇರಿಸಲು ಪ್ರತ್ಯೇಕ ಅರ್ಜಿಯ ವ್ಯವಸ್ಥೆಯೇ ಇದೆ. ನಾವು ಚರ್ಚಿನ ದೀಕ್ಷಾಸ್ನಾನದ ದಾಖಲೆಯನ್ನು ಹುಡುಕಿಸಿ, ಅರ್ಜಿ ಹಾಕಿ, ಹೊಸ ಪ್ರತಿ ಕೈಗೆ ಬರುವಷ್ಟರಲ್ಲಿ ಆ ವರ್ಷದ ಶಿಬಿರವೇ ಮುಗಿದುಹೋಗಿತ್ತು.

ಆದ್ದರಿಂದ ನೀವು ಇಂದೇ ಮೂರು ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿ: ನಿಮ್ಮ ಅತ್ತೆಯವರ ಜಮೈಕಾದ ಜನನ ಪ್ರಮಾಣಪತ್ರ, ನಿಮ್ಮ ಯಜಮಾನರದು, ಮಗನದು. ಇಂಗ್ಲೆಂಡಿನಲ್ಲಿ ಕೊಡುವ ಚಿಕ್ಕ ಪ್ರಮಾಣಪತ್ರದಲ್ಲಿ ತಂದೆತಾಯಿಯ ಹೆಸರೇ ಇರುವುದಿಲ್ಲ; ಅಜ್ಜಿಯಿಂದ ಮೊಮ್ಮಗನವರೆಗಿನ ಸರಪಳಿಯನ್ನು ತೋರಿಸಲು ಪೂರ್ಣ ಪ್ರತಿಯೇ ಬೇಕು. ಮದುವೆಯ ನಂತರ ಅತ್ತೆಯವರ ಉಪನಾಮ ಬದಲಾಗಿದ್ದರೆ ವಿವಾಹ ಪ್ರಮಾಣಪತ್ರವನ್ನೂ ಜೊತೆಗಿಡಿ. ಜಮೈಕಾದಲ್ಲಿ ಹುಟ್ಟಿದವರ ಮೊಮ್ಮಕ್ಕಳೂ ವಂಶಾನ್ವಯದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಟ್ರಯಲ್ಸ್‌ನಲ್ಲಿ ಆಡುವುದಕ್ಕೆ ಜಮೈಕಾದ ಪಾಸ್‌ಪೋರ್ಟ್ ಬೇಕಾಗಲಿಲ್ಲ. ಅಧಿಕೃತ ಪಂದ್ಯದಲ್ಲಿ ಆ ದೇಶದ ಅಂಗಿ ತೊಡಬೇಕಾದರೆ ಮಾತ್ರ ಪೌರತ್ವ ಇರಲೇಬೇಕು.

ಇನ್ನೊಂದು ಮಾತನ್ನು ಸೊಸೆಯಾಗಿ ಹೇಳುತ್ತೇನೆ. ಅತ್ತೆಯವರ ಬಳಿ ಕಾಗದ ಕೇಳುವಾಗ ಮೆತ್ತಗೆ ಕೇಳಿ. 1948ರಲ್ಲಿ ವಿಂಡ್‌ರಷ್ ಹಡಗು ಬಂದಂದಿನಿಂದ, ಜಮೈಕಾ ಸ್ವತಂತ್ರವಾದ 1962ರವರೆಗೂ, ಅಲ್ಲಿಂದ ಬಂದವರು ಬ್ರಿಟಿಷ್ ಪ್ರಜೆಗಳಾಗಿಯೇ ಬಂದರು. ಎಷ್ಟೋ ಮಕ್ಕಳು ತಂದೆತಾಯಿಯ ಪಾಸ್‌ಪೋರ್ಟಿನ ಮೇಲೆಯೇ ಬಂದಿಳಿದರು. ಅಂಥವರಲ್ಲಿ ಹಲವರನ್ನು, ಜೀವಮಾನವಿಡೀ ಇಲ್ಲಿ ದುಡಿದಿದ್ದರೂ, ಕಾಗದವಿಲ್ಲವೆಂಬ ಒಂದೇ ಕಾರಣಕ್ಕೆ ಅಕ್ರಮ ನಿವಾಸಿಗಳಂತೆ ನಡೆಸಿಕೊಂಡ ಸಂಗತಿ 2018ರಲ್ಲಿ ದೊಡ್ಡ ಹಗರಣವಾಗಿ ಬಯಲಾಯಿತು. ನಮ್ಮ ಮಾವನವರು ಆ ಪೆಟ್ಟಿಗೆಯನ್ನು ತೆರೆಯಲು ಎರಡು ವಾರ ತೆಗೆದುಕೊಂಡರು. ನಾನು ಆತುರಪಡಿಸಿದೆನಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಲೀಡ್ಸ್‌ನಿಂದ, ಮಕ್ಕಳ ತಂಡದ ಕೋಚ್

ಮೇಡಂ, ನಿಮ್ಮ ಮಗನ ಜನ್ಮತಿಂಗಳನ್ನು ಓದಿದ ಕೂಡಲೇ ಬರೆಯಬೇಕೆನಿಸಿತು. ಇಂಗ್ಲೆಂಡಿನ ಮಕ್ಕಳ ಫುಟ್‌ಬಾಲ್‌ನಲ್ಲಿ ವಯೋಮಿತಿಯನ್ನು ಶಾಲಾ ವರ್ಷದಂತೆ ಸೆಪ್ಟೆಂಬರ್ 1ರಿಂದ ಎಣಿಸುತ್ತಾರೆ. ಹಾಗಾಗಿ ನವೆಂಬರ್‌ನಲ್ಲಿ ಹುಟ್ಟಿದ ಹುಡುಗ ತನ್ನ ತಂಡದಲ್ಲಿ ಹಿರಿಯರ ಪೈಕಿಯವನಾಗಿರುತ್ತಾನೆ. ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಲೆಕ್ಕ ಜನವರಿ 1ರಿಂದ. 2027ರ 17 ವರ್ಷದೊಳಗಿನವರ ವಿಶ್ವಕಪ್ 2010ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗೆ. ಆ ಗುಂಪಿನಲ್ಲಿ 2010ರ ಜನವರಿಯಲ್ಲಿ ಹುಟ್ಟಿದ ಹುಡುಗನಿಗೂ ನಿಮ್ಮ ಮಗನಿಗೂ ಹತ್ತು ತಿಂಗಳ ಅಂತರವಿರುತ್ತದೆ. ಹದಿನೈದರ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ಎತ್ತರ, ವೇಗ, ಭುಜಬಲ ಎಲ್ಲದರಲ್ಲೂ ಎದ್ದು ಕಾಣುವ ವ್ಯತ್ಯಾಸ. ವಾರವಾರವೂ ತನ್ನ ಓಟದಿಂದಲೇ ಎದುರಾಳಿಗಳನ್ನು ಹಿಂದಿಕ್ಕುತ್ತಿದ್ದ ಹುಡುಗ ಟ್ರಯಲ್ಸ್ ದಿನ ಇದ್ದಕ್ಕಿದ್ದಂತೆ ಸಾಮಾನ್ಯನಂತೆ ಕಂಡರೆ ಅವನು ಕುಗ್ಗಿಹೋಗುತ್ತಾನೆ. ಇದನ್ನು ಅವನಿಗೆ ಮೊದಲೇ ಬಿಡಿಸಿ ಹೇಳಿ.

ನಾನು ಕಂಡ ಇಂಥ ಟ್ರಯಲ್ಸ್‌ನಲ್ಲಿ ಹುಡುಗರಿಗೆ ಸಂಖ್ಯೆಯಿರುವ ಬಿಬ್ ತೊಡಿಸಿ, ಚಿಕ್ಕ ಮೈದಾನದಲ್ಲಿ ಸ್ವಲ್ಪ ಹೊತ್ತು ಆಡಿಸಿ, ಬಳಿಕ ಹನ್ನೊಂದು ಮಂದಿಯ ಪಂದ್ಯಕ್ಕೆ ಬಿಡುತ್ತಿದ್ದರು. ಸಿಗುವುದು ಇಪ್ಪತ್ತು ಮೂವತ್ತು ನಿಮಿಷ. ಎಡಗಾಲಿನ ಲೆಫ್ಟ್ ಬ್ಯಾಕ್‌ಗಳು ಎಲ್ಲೆಡೆಯೂ ವಿರಳ. ಆದ್ದರಿಂದ ಅರ್ಜಿಯಲ್ಲಿ ಆ ಸ್ಥಾನವನ್ನು ಸ್ಪಷ್ಟವಾಗಿ ಬರೆಯಿರಿ, ಬೇರೆ ಸ್ಥಾನಕ್ಕೆ ತಳ್ಳಿದರೆ ಒಂದು ಸರದಿಯನ್ನಾದರೂ ತನ್ನ ಸ್ಥಾನದಲ್ಲಿ ಕೊಡಿ ಎಂದು ಅವನೇ ವಿನಯದಿಂದ ಕೇಳಲಿ. ಆಯ್ದ ತುಣುಕುಗಳನ್ನು ಜೋಡಿಸಿದ ವಿಡಿಯೊಗಿಂತ ಒಂದು ಪಂದ್ಯದ ಪೂರ್ತಿ ದಾಖಲೆಯನ್ನು ಕಳುಹಿಸಿದರೆ ಒಳ್ಳೆಯದು. ಚೆಂಡು ಬಲಬದಿಯಲ್ಲಿದ್ದಾಗ ಲೆಫ್ಟ್ ಬ್ಯಾಕ್ ಎಲ್ಲಿ ನಿಂತಿರುತ್ತಾನೆ ಎಂಬುದನ್ನು ತಿಳಿದವರು ಗಮನಿಸುತ್ತಾರೆ.

ಆಯೋಜಕರ ವಿಷಯ. ಜಮೈಕಾ ಫುಟ್‌ಬಾಲ್ ಫೆಡರೇಷನ್‌ನೊಂದಿಗೆ ಅವರಿಗೆ ಇರುವ ಸಂಬಂಧವನ್ನು ಲಿಖಿತವಾಗಿ ಕೇಳಿ, ಫೆಡರೇಷನ್‌ಗೂ ನೀವೇ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಿ. ಮಕ್ಕಳೊಂದಿಗೆ ಕೆಲಸ ಮಾಡುವ ಕೋಚ್‌ಗಳ ಡಿಬಿಎಸ್ ಪರಿಶೀಲನೆ (ಅಪರಾಧ ಹಿನ್ನೆಲೆಯ ತಪಾಸಣೆ) ಆಗಿದೆಯೇ, ಮಕ್ಕಳ ಸುರಕ್ಷತೆಗೆ ಹೊಣೆಯಾದವರು ಯಾರು, ಗಾಯವಾದರೆ ವಿಮೆ ಯಾರದು ಎಂದು ವಿಚಾರಿಸಲು ಸಂಕೋಚ ಬೇಡ. ಮೈದಾನದ ಬಾಡಿಗೆಗೆಂದು ಸಣ್ಣ ಶುಲ್ಕ ಕೇಳಬಹುದು. ಆದರೆ ಹಣ ಕೊಟ್ಟರೆ ಆಯ್ಕೆ ಖಚಿತ ಎನ್ನುವವರಿಂದ, ಹದಿನೈದರ ಹುಡುಗನಿಗೆ ಬೇರೆ ದೇಶದ ಕ್ಲಬ್ಬಿನ ಒಪ್ಪಂದ ಕೊಡಿಸುತ್ತೇವೆ ಎನ್ನುವವರಿಂದ ದೂರವಿರಿ: ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, 18 ವರ್ಷ ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದಕ್ಕೆ ವರ್ಗಾಯಿಸುವುದನ್ನು ಫಿಫಾ ನಿಷೇಧಿಸಿದೆ.

ಬೆಂಗಳೂರಿನಿಂದ

ಬಾಗಿಲು ಮುಚ್ಚುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ; ಕ್ರೀಡಾ ನಿಯಮಗಳನ್ನು ಓದುವುದು ನನ್ನ ವೃತ್ತಿಯ ಭಾಗ. ಟ್ರಯಲ್ಸ್, ತರಬೇತಿ ಶಿಬಿರ, ಸೌಹಾರ್ದ ಪಂದ್ಯ ಇವು ಯಾವುವೂ ಆಟಗಾರನನ್ನು ಒಂದು ದೇಶಕ್ಕೆ ಕಟ್ಟಿಹಾಕುವುದಿಲ್ಲ. ಕಿರಿಯರ ಮಟ್ಟದ ಅಧಿಕೃತ ಪಂದ್ಯದಲ್ಲಿ ಆಡಿದರೂ, ಆ ಹೊತ್ತಿಗೇ ಇನ್ನೊಂದು ದೇಶದ ಪೌರತ್ವ ಅವನಿಗಿದ್ದರೆ, ಮುಂದೆ ಒಂದು ಸಲ ದೇಶ ಬದಲಿಸಲು ಅವಕಾಶವಿರುತ್ತದೆ. 2020ರ ತಿದ್ದುಪಡಿಯಿಂದ ಇದು ಇನ್ನಷ್ಟು ಸಡಿಲಗೊಂಡಿದೆ: ಹಿರಿಯರ ತಂಡಕ್ಕೆ 21 ವರ್ಷ ತುಂಬುವ ಮೊದಲು ಮಾತ್ರ, ಅದೂ ಮೂರಕ್ಕಿಂತ ಹೆಚ್ಚಿಲ್ಲದಷ್ಟು ಪಂದ್ಯಗಳನ್ನು ಆಡಿದವರು, ವಿಶ್ವಕಪ್‌ನಂಥ ಪ್ರಧಾನ ಟೂರ್ನಿಯ ಅಂತಿಮ ಸುತ್ತಿನಲ್ಲಿ ಕಣಕ್ಕಿಳಿಯದವರು, ಕೊನೆಯ ಪಂದ್ಯದಿಂದ ಮೂರು ವರ್ಷ ಕಳೆದ ಮೇಲೆ ಬದಲಾವಣೆ ಕೋರಬಹುದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಡೆಮರೈ ಗ್ರೇ ಇಂಗ್ಲೆಂಡಿನ 21 ವರ್ಷದೊಳಗಿನವರ ತಂಡಕ್ಕೆ ಆಡಿ, 2023ರಲ್ಲಿ ಜಮೈಕಾ ತಂಡವನ್ನು ಸೇರಿದರು.

ಭಾರತದ ಮಾತು ಬೇರೆ. ನಮ್ಮಲ್ಲಿ ದ್ವಿಪೌರತ್ವವಿಲ್ಲ, ಒಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಇದ್ದವರು ರಾಷ್ಟ್ರೀಯ ತಂಡಕ್ಕೆ ಆಡುವಂತಿಲ್ಲ. ಬೆಂಗಳೂರು ಎಫ್‌ಸಿ ಆಟಗಾರ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವವನ್ನು ಬಿಟ್ಟುಕೊಟ್ಟೇ ಭಾರತೀಯರಾದರು. ಕಂಠೀರವ ಕ್ರೀಡಾಂಗಣದಲ್ಲಿ ಅವರ ಆಟವನ್ನು ಮೆಚ್ಚಿದವನಾಗಿ ನನಗೆ ಅದು ಸಂತೋಷದ ಸುದ್ದಿ. ಆದರೆ ಹದಿನೈದರ ಹುಡುಗನ ಮುಂದೆ ಅಂಥ ಆಯ್ಕೆಯನ್ನು ಇಡಬಾರದು.

ರಾಟರ್‌ಡ್ಯಾಮ್‌ನಿಂದ

ನಮ್ಮ ಬೀದಿಯಲ್ಲಿ ಕೆರಿಬಿಯನ್ ದ್ವೀಪವಾದ ಕುರಸಾವೊ ಮೂಲದ ಕುಟುಂಬಗಳು ಹಲವಿವೆ. 2025ರ ನವೆಂಬರ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಮೈಕಾದ ಎದುರೇ 0–0 ಸಮ ಮಾಡಿಕೊಂಡು, ಒಂದೂವರೆ ಲಕ್ಷದಷ್ಟೇ ಜನರಿರುವ ಆ ದ್ವೀಪ ವಿಶ್ವಕಪ್‌ಗೆ ಅರ್ಹತೆ ಪಡೆದ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ಆ ತಂಡದ ಬಹುಪಾಲು ಆಟಗಾರರು ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರು. ಎದುರುಮನೆಯ ಅಜ್ಜಿ ಅವರೆಲ್ಲರನ್ನೂ ನಮ್ಮ ಹುಡುಗರು ಎಂದೇ ಕರೆಯುತ್ತಾರೆ. ಹೊರಗೆ ಹುಟ್ಟಿದವನನ್ನು ಅಲ್ಲಿನವರು ಒಪ್ಪುತ್ತಾರೆಯೇ ಎಂಬ ಅಳುಕು ನಿಮಗಿದ್ದರೆ ಅದಕ್ಕಾಗಿ ಇಷ್ಟು ಬರೆದೆ.

ಬ್ರಿಸ್ಟಲ್‌ನಿಂದ, ಆಯ್ಕೆಯಾಗದ ಒಬ್ಬ ಹುಡುಗ

ಆಂಟಿ, ನನ್ನ ಅಮ್ಮ ಹಾಸನದವರು, ಅಪ್ಪನ ಮನೆಯವರು ಟ್ರಿನಿಡಾಡ್‌ನವರು. ಹದಿನಾರನೆಯ ವಯಸ್ಸಿನಲ್ಲಿ ನಾನು ಇಂಥ ಟ್ರಯಲ್ಸ್‌ಗೆ ಹೋಗಿದ್ದೆ. ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ಹುಟ್ಟಿ ಟ್ರಿನಿಡಾಡ್ ತಂಡಕ್ಕೆ ಆಡಿದ ಕ್ರಿಸ್ ಬರ್ಚಲ್ ಅವರ ಕಥೆಯನ್ನು ಅಪ್ಪ ನನಗೆ ನೂರು ಸಲ ಹೇಳಿದ್ದರು: ಅವರ ತಾಯಿ ಅಲ್ಲಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿದವರೆಂಬ ಒಂದೇ ನಂಟು ಅವರನ್ನು 2006ರ ವಿಶ್ವಕಪ್‌ವರೆಗೂ ಕರೆದೊಯ್ದಿತ್ತು. ನನಗೂ ಹಾಗೆಯೇ ಆಗುತ್ತದೆಂದು ನಂಬಿದ್ದೆ. ಟ್ರಯಲ್ಸ್ ಮುಗಿದ ಮೇಲೆ ಯಾರಿಂದಲೂ ಕರೆ ಬರಲಿಲ್ಲ, ಇಲ್ಲವೆಂಬ ಉತ್ತರವೂ ಬರಲಿಲ್ಲ. ನಾಲ್ಕು ತಿಂಗಳು ದಿನವೂ ಇಮೇಲ್ ತೆರೆದು ನೋಡುತ್ತಿದ್ದೆ. ಫಲಿತಾಂಶವನ್ನು ಯಾವ ದಿನದೊಳಗೆ ತಿಳಿಸುತ್ತೀರಿ ಎಂದು ಮೊದಲೇ ಕೇಳಿಕೊಳ್ಳಿ. ಆ ದಿನ ದಾಟಿದರೆ ಅದನ್ನೇ ಉತ್ತರವೆಂದು ತಿಳಿಯಿರಿ. ಕಾರಿನಲ್ಲಿ ವಾಪಸು ಬರುವಾಗ ಹೇಗಾಯಿತು ಎಂದು ಕೇಳಬೇಡಿ, ಅವನಾಗಿ ಹೇಳಲಿ.

ಪ್ರಶ್ನೆ ಕೇಳಿದ ತಾಯಿಯಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಭಾನುವಾರ ಊಟವಾದ ಮೇಲೆ ಅತ್ತೆಯವರ ಪಕ್ಕದಲ್ಲಿ ಕುಳಿತು ಮೆಲ್ಲನೆ ವಿಷಯ ಎತ್ತಿದೆ. ಅವರು ಮೊದಲು ಮಾತಾಡಿದ್ದು 1998ರ ವಿಶ್ವಕಪ್‌ನಲ್ಲಿ ಜಮೈಕಾ ಜಪಾನ್ ತಂಡವನ್ನು 2–1ರಿಂದ ಸೋಲಿಸಿದ ದಿನದ ಬಗ್ಗೆ. ಇಲ್ಲಿಯೇ ಹುಟ್ಟಿ ಅಂದಿನ ತಂಡದಲ್ಲಿದ್ದ ರಾಬಿ ಅರ್ಲ್, ಡಿಯಾನ್ ಬರ್ಟನ್ ಅವರ ಹೆಸರುಗಳನ್ನು ಮೊಮ್ಮಗನಿಗೆ ಒಂದೊಂದಾಗಿ ಹೇಳಿದರು. ಅನಂತರ ತಾವೇ ಎದ್ದು ಹೋಗಿ ಬಿಸ್ಕತ್ತಿನ ಹಳೆಯ ಡಬ್ಬಿಯನ್ನು ತಂದರು. ಪ್ರಮಾಣಪತ್ರ ಇದೆ, ಹೆಸರೂ ಇದೆ. ಆದರೆ ಮಡಿಕೆಗಳಲ್ಲಿ ಹರಿದು ಒಂದು ಸಾಲು ಓದಲಾಗುತ್ತಿಲ್ಲ. ಯಜಮಾನರ ಬಳಿ ಇದ್ದದ್ದು ಚಿಕ್ಕ ಪ್ರತಿ. ಎರಡಕ್ಕೂ ಹೊಸ ಪ್ರತಿ ಕೋರಿ ಅರ್ಜಿ ಹಾಕಿದ್ದೇವೆ, ಫೆಡರೇಷನ್‌ಗೂ ಬರೆದಿದ್ದೇವೆ. ಎಷ್ಟು ವಾರ ಹಿಡಿಯಿತೆಂಬುದನ್ನು, ಮುಂದೆ ಕೇಳುವವರಿಗೆ ಅನುಕೂಲವಾಗಲೆಂದು, ಇಲ್ಲಿಯೇ ಬರೆಯುತ್ತೇನೆ.